ಹಳೆ ಬೈಕಿಗೆ ಮೂರನೇ ಕಾಲು

ನನ್ನ ಬೈಕಿಗೆ ಸ್ಟ್ಯಾಂಡ್ ಇರಲಿಲ್ಲ. ಕಳೆದುಹೋಗಿದ್ದಲ್ಲ, ಮುರಿದುಹೋಗಿದ್ದೂ ಅಲ್ಲ. ಹುಟ್ಟುವಾಗಲೇ ಇರಲಿಲ್ಲ. 1970ರ ದಶಕದ ಮಧ್ಯದಲ್ಲಿ ತಯಾರಾದ 250 ಸಿಸಿ ಟೂ-ಸ್ಟ್ರೋಕ್ ಮೋಟೋಕ್ರಾಸ್ ಬೈಕ್ ಅದು, ಮಣ್ಣಿನ ಟ್ರ್ಯಾಕಿನಲ್ಲಿ ದಿಬ್ಬ ಹಾರಿಸುತ್ತಾ ಓಡಿಸುವ ರೇಸಿನದು. ಲೈಟ್ ಇಲ್ಲ, ಹಾರ್ನ್ ಇಲ್ಲ, ಬ್ಯಾಟರಿ ಇಲ್ಲ, ಸ್ಪೀಡೋಮೀಟರ್ ಇಲ್ಲ. ರೇಸಿಗೆ ಬೇಡದ್ದು ಯಾವುದೂ ಇಲ್ಲ. ರೇಸಿಗೆ ಸ್ಟ್ಯಾಂಡ್ ಬೇಡ, ಹಾಗಾಗಿ ಅದೂ ಇಲ್ಲ.

ಮೊದಮೊದಲು ಇದು ನನಗೆ ತೊಂದರೆ ಅನಿಸಿರಲೇ ಇಲ್ಲ. ಯಾಕೆಂದರೆ ಆಗ ನಾನು ಒಬ್ಬನೇ ಹೋಗುತ್ತಿರಲಿಲ್ಲ. ಜೊತೆಗೊಬ್ಬ ಗೆಳೆಯ ಇದ್ದ, ಅವನ ಹತ್ತಿರವೂ ಒಂದು ಹಳೆ ಬೈಕ್ ಇತ್ತು. ಅವನದು ಟ್ರೇಲ್ ಬೈಕ್, ಅಂದರೆ ಕಾಡುದಾರಿಗೂ ರಸ್ತೆಗೂ ಆಗುವಂಥದ್ದು, ಅದಕ್ಕೆ ಸ್ಟ್ಯಾಂಡ್ ಇತ್ತು. ದಾರಿಯಲ್ಲಿ ಗೇಟು ಬಂದರೆ, ಹೆಲ್ಮೆಟ್ ಸರಿಮಾಡಿಕೊಳ್ಳಬೇಕಾದರೆ, ಸ್ಪಾರ್ಕ್ ಪ್ಲಗ್ ಬಿಚ್ಚಬೇಕಾದರೆ, ಅವನು ತನ್ನ ಗಾಡಿಗೆ ಸ್ಟ್ಯಾಂಡ್ ಹಾಕಿ ಬರುತ್ತಿದ್ದ. "ಹಿಡ್ಕೊಳ್ಳೋ" ಅಂತ ನಾನು ಹೇಳುವ ಮೊದಲೇ ಅವನ ಕೈ ನನ್ನ ಹ್ಯಾಂಡಲ್ ಮೇಲೆ ಇರುತ್ತಿತ್ತು. ಎಷ್ಟೋ ವರ್ಷ ಹೀಗೇ ನಡೆಯಿತು. ಆಮೇಲೆ ಅವನಿಗೆ ಮಂಡಿ ನೋವು ಶುರುವಾಯಿತು, ಡಾಕ್ಟರು ಕಿಕ್ ಹೊಡೆಯೋದು ಬೇಡ ಅಂದರು. ಅವನ ಬೈಕ್ ಶೆಡ್ ಸೇರಿತು. ನಾನು ಒಬ್ಬನೇ ಹೋಗತೊಡಗಿದೆ.

ಒಬ್ಬನೇ ಹೋದ ಮೊದಲ ದಿನವೇ ಗೊತ್ತಾಯಿತು. ಬೈಕ್ ಹತ್ತಿದ ಮೇಲೆ ಇಳಿಯೋ ಹಾಗೇ ಇಲ್ಲ. ಇಳಿದರೆ ಒರಗಿಸಲು ಮರ ಹುಡುಕಬೇಕು. ಮರ ಸಿಕ್ಕರೆ ಅದರ ಬುಡ ಇಳಿಜಾರಿನಲ್ಲಿರುತ್ತದೆ. ಮುಂದಿನ ಚಕ್ರ ತಿರುಗುತ್ತದೆ, ಹ್ಯಾಂಡಲ್ ಜಾರುತ್ತದೆ, ಟ್ಯಾಂಕು ಮರಕ್ಕೆ ಉಜ್ಜುತ್ತದೆ. ಹಳೆ ಮೋಟೋಕ್ರಾಸ್ ಬೈಕುಗಳ ಟ್ಯಾಂಕ್ ಎಂದರೆ ಸುಮ್ನೆ ಅಲ್ಲ, ಎಷ್ಟೋ ಬೈಕುಗಳಲ್ಲಿ ಅದು ತೆಳು ಅಲ್ಯೂಮಿನಿಯಂ. ಒಂದು ಗಂಟಿಗೆ ತಾಗಿದರೂ ತಗ್ಗು ಬೀಳುತ್ತದೆ. ನೆಲದ ಮೇಲೆ ಮಲಗಿಸಿದರೆ ಇನ್ನೊಂದು ಕಥೆ. ಟ್ಯಾಂಕಿನ ಮುಚ್ಚಳದ ಗಾಳಿಕೊಳವೆಯಿಂದ ಪೆಟ್ರೋಲ್ ತೊಟ್ಟಿಕ್ಕುತ್ತದೆ, ಕಾರ್ಬುರೇಟರ್ ಉಕ್ಕುತ್ತದೆ, ಎಬ್ಬಿಸಿ ಕಿಕ್ ಹೊಡೆದರೆ ಎಂಜಿನ್ ಪೆಟ್ರೋಲ್ ಕುಡಿದು ಕೂತಿರುತ್ತದೆ. ಹತ್ತು ಹದಿನೈದು ಕಿಕ್ ಬೇಕು. ಒಣಹುಲ್ಲಿನ ಮೇಲೆ ಬಿಸಿ ಸೈಲೆನ್ಸರ್ ತಾಗಿಸಿಕೊಂಡು ಮಲಗಿದ ಗಾಡಿಯಿಂದ ಪೆಟ್ರೋಲ್ ಸೋರುತ್ತಿದ್ದರೆ ಅದನ್ನು ನೋಡುತ್ತಾ ನೀರು ಕುಡಿಯುವುದು ಯಾರಿಗಾದರೂ ಕಷ್ಟವೇ.

ಇಷ್ಟು ಅವಶ್ಯಕವಾದ ವಸ್ತುವನ್ನು ಬೈಕ್ ಮಾಡಿದವರು ಯಾಕೆ ಬಿಟ್ಟರು? ಕಾರಣ ಬಹಳ ಸರಳ. ರೇಸಿನಲ್ಲಿ ಬೈಕ್ ನಿಲ್ಲುವುದೇ ಇಲ್ಲ. ನಿಂತಾಗ ಅದನ್ನು ಹಿಡಿಯಲು ಮೆಕ್ಯಾನಿಕ್ ಇರುತ್ತಾನೆ, ಇಲ್ಲವೇ ಕಂಬಿ ಬಗ್ಗಿಸಿ ಮಾಡಿದ ತ್ರಿಕೋನದ ಸ್ಟ್ಯಾಂಡ್ ಇರುತ್ತದೆ. ಅದರ ತುದಿಯನ್ನು ಹಿಂದಿನ ಆಕ್ಸಲ್ಲಿನ ತೂತಿಗೆ ಸಿಕ್ಕಿಸಿ ಬೈಕನ್ನು ಅದರ ಮೇಲೆ ವಾಲಿಸುತ್ತಾರೆ, ಹೊರಡುವಾಗ ಕಿತ್ತು ಅಲ್ಲೇ ಬಿಡುತ್ತಾರೆ. ಜೊತೆಗೆ ಅಪಾಯದ ಮಾತೂ ಇದೆ. ಜಿಗಿದು ಬಿದ್ದಾಗ ಸ್ಟ್ಯಾಂಡ್ ಕೆಳಗೆ ಬಿಚ್ಚಿಕೊಂಡು ಎಡ ತಿರುವಿನಲ್ಲಿ ನೆಲಕ್ಕೆ ಊರಿದರೆ ಸವಾರ ಗಾಳಿಯಲ್ಲಿ. ಬಿದ್ದವನ ಮೈಗೆ ಚುಚ್ಚುವ ಕಬ್ಬಿಣದ ತುಂಡು ಬೇರೆ. ಮೋಟೋಕ್ರಾಸ್ ಸ್ಪರ್ಧೆಗಳಲ್ಲಿ ಸ್ಟ್ಯಾಂಡ್ ಬಿಚ್ಚಿ ತೆಗೆದಿರಬೇಕು ಅನ್ನುವುದು ಸಾಮಾನ್ಯ ನಿಯಮ.

ಆದರೆ ಅದೇ ಕಾಲದ ಎಲ್ಲ ಮಣ್ಣಿನ ಬೈಕುಗಳೂ ಹೀಗಿರಲಿಲ್ಲ. 1968ರಲ್ಲಿ ಬಂದ ಯಮಹಾ ಡಿಟಿ-1 ಕಾಡುದಾರಿಗೂ ಆಗುವ, ರಸ್ತೆಗೂ ಆಗುವ ಬೈಕ್. ಅದಕ್ಕೆ ಲೈಟೂ ಇತ್ತು, ಸ್ಟ್ಯಾಂಡೂ ಇತ್ತು. 1973ರ ಹೋಂಡಾ ಸಿಆರ್250ಎಂ ಎಲ್ಸಿನೋರ್ ಶುದ್ಧ ಮೋಟೋಕ್ರಾಸ್, ಅದಕ್ಕೆ ಎರಡೂ ಇಲ್ಲ. ಮರುವರ್ಷದ ಎಂಟಿ250ಕ್ಕೆ ಎಲ್ಸಿನೋರ್ ಅನ್ನುವ ಅದೇ ಹೆಸರಿಟ್ಟರು, ಆದರೆ ಅದು ರಸ್ತೆಗೂ ಇಳಿಯುವ ಬೈಕ್, ಅದಕ್ಕೆ ಎರಡೂ ಬಂದವು. ಇನ್ನು ಆರು ದಿನಗಳ ಟ್ರಯಲ್ ಅಂತ ಒಂದು ಸ್ಪರ್ಧೆ ಇತ್ತು, 1913ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು, 1981ರಿಂದ ಅದರ ಹೆಸರು ಆರು ದಿನಗಳ ಎಂಡ್ಯೂರೋ. ಅಲ್ಲಿ ಗಾಡಿ ಕೆಟ್ಟರೆ ಸವಾರನೇ ರಿಪೇರಿ ಮಾಡಿಕೊಳ್ಳಬೇಕು, ಟೈರು ಪಂಕ್ಚರ್ ಆದರೂ ಅವನೇ ಹಾಕಬೇಕು, ಬೇರೆಯವರು ಕೈ ಹಾಕುವ ಹಾಗಿಲ್ಲ. ಆ ಥರದ ಎಂಡ್ಯೂರೋ ಸ್ಪರ್ಧೆಗೆ ಅಂತಲೇ ಮಾಡಿದ ಬೈಕುಗಳಿಗೆ ಸ್ಟ್ಯಾಂಡ್ ಇರುತ್ತಿತ್ತು.

ಇದನ್ನು ಯೋಚಿಸುತ್ತಾ ಹೋದಾಗ ನನಗೆ ಒಂದು ವಿಷಯ ಹೊಳೆಯಿತು. ಸ್ಟ್ಯಾಂಡ್ ಇಲ್ಲದ ಬೈಕ್ ಅಂದರೆ ಪಕ್ಕದಲ್ಲಿ ಯಾರೋ ಇರುತ್ತಾರೆ ಅಂತ ನಂಬಿ ಮಾಡಿದ ಬೈಕ್. ನನ್ನ ಗಾಡಿ ಬದಲಾಗಿರಲಿಲ್ಲ, ಪಕ್ಕದಲ್ಲಿ ಇದ್ದವನು ಇರಲಿಲ್ಲ ಅಷ್ಟೇ.

ಸ್ಟ್ಯಾಂಡ್ ಹಾಕಿಸೋಣ ಅಂದುಕೊಂಡೆ. ಒಂದು ಭಾನುವಾರದ ಕೆಲಸ ಅಂತ ಲೆಕ್ಕ ಹಾಕಿದ್ದೆ. ನಾಲ್ಕು ತಿಂಗಳು ಹಿಡಿಯಿತು.

ಮೊದಲ ಪ್ರಶ್ನೆ, ಎಲ್ಲಿ ಕೂರಿಸುವುದು. ಫ್ರೇಮಿನ ಕೆಳಪೈಪಿಗೆ ಒಂದು ಲಗ್, ಅಂದರೆ ಸ್ಟ್ಯಾಂಡ್ ಕೂರುವ ಉಕ್ಕಿನ ಕಿವಿ, ವೆಲ್ಡ್ ಮಾಡಬಹುದು. ಪೈಪನ್ನು ಎರಡೂ ಕಡೆಯಿಂದ ಹಿಡಿಯುವ ಕ್ಲ್ಯಾಂಪ್ ಹಾಕಬಹುದು. ಇರುವ ಬೋಲ್ಟುಗಳನ್ನೇ ಬಳಸಿ ಒಂದು ಪ್ಲೇಟು ಕೂರಿಸಬಹುದು. ಅಥವಾ ಹಿಂದಿನ ಚಕ್ರವನ್ನು ಹಿಡಿದು ಅದರ ಜೊತೆ ಏರಿಳಿಯುವ ಸ್ವಿಂಗ್‌ಆರ್ಮಿಗೆ ಹಾಕಬಹುದು, ಕಾಲೂರದೆ ಬಂಡೆ ಹತ್ತಿಳಿಯುವ ಟ್ರಯಲ್ಸ್ ಬೈಕುಗಳಲ್ಲಿ ಹೀಗೆ ಕಾಣಸಿಗುತ್ತದೆ. ಸ್ವಿಂಗ್‌ಆರ್ಮಿನ ಸ್ಟ್ಯಾಂಡಿಗೆ ಒಂದು ದೊಡ್ಡ ಗುಣವಿದೆ. ಸಸ್ಪೆನ್ಷನ್ ಎಷ್ಟೇ ಕುಸಿದರೂ ಸ್ವಿಂಗ್‌ಆರ್ಮಿಗೂ ನೆಲಕ್ಕೂ ಇರುವ ಅಂತರ ಅಷ್ಟಾಗಿ ಬದಲಾಗುವುದಿಲ್ಲ. ಆದರೆ ನನ್ನ ಬೈಕಿನ ಸ್ವಿಂಗ್‌ಆರ್ಮ್ ತೆಳು ಪೈಪಿನದು, ಅದರ ಕೀಲಿನೊಳಗೆ ಕೂರುವ ಬುಷ್‌ಗಳಿಗೆ ನಲವತ್ತಕ್ಕೂ ಜಾಸ್ತಿ ವರ್ಷ. ಅದನ್ನು ಪಕ್ಕಕ್ಕೆ ತಿರುಚುವ ಭಾರ ಹಾಕಲು ಮನಸ್ಸು ಬರಲಿಲ್ಲ.

ವೆಲ್ಡಿಂಗ್ ಬೇಡ ಅನ್ನುವುದು ಮೊದಲಿನಿಂದಲೂ ಇತ್ತು. ಇದರ ಬಗ್ಗೆ ನನ್ನ ನಿಲುವು ಗಟ್ಟಿ. ಹಳೆ ಫ್ರೇಮಿನ ಪೈಪಿನ ದಪ್ಪ ಎರಡು ಮಿಲಿಮೀಟರಿಗಿಂತ ಕಡಿಮೆ ಇರುವುದೇ ಜಾಸ್ತಿ. ಕೆಲವು ಫ್ರೇಮುಗಳು ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಕ್ರೋಮೊಲಿ ಉಕ್ಕಿನವು, ಅವಕ್ಕೆ ಬಿಸಿ ಮತ್ತು ತಂಪು ಎರಡನ್ನೂ ಲೆಕ್ಕವಿಟ್ಟು ಕೊಡಬೇಕು, ನೀರು ಸುರಿದು ತಣಿಸಿದರೆ ಗಾಜಿನ ಹಾಗೆ ಪೆಡಸಾಗುತ್ತದೆ. ವೆಲ್ಡ್ ಕೆಟ್ಟರೆ ಬಿರುಕು ಬಿಡುವುದು ವೆಲ್ಡಿನಲ್ಲಿ ಅಲ್ಲ, ಅದರ ಅಂಚಿನಲ್ಲಿ, ಪೈಪಿನಲ್ಲೇ. ಮಾಡಲೇಬೇಕಾದವರು ಲಗ್ಗನ್ನು ನೇರ ಪೈಪಿಗೆ ಅಂಟಿಸದೆ, ಮೊದಲು ಉದ್ದನೆಯ ಪಟ್ಟಿಯೊಂದನ್ನು ಪೈಪಿನ ಸುತ್ತಿಗೆ ಬಗ್ಗಿಸಿ, ಪೈಪಿನ ಉದ್ದಕ್ಕೆ ವೆಲ್ಡ್ ಹೊಡೆದು, ಅದರ ಮೇಲೆ ಲಗ್ ಕೂರಿಸಲಿ. ಪೈಪಿನ ಸುತ್ತ ಉಂಗುರದ ಹಾಗೆ ವೆಲ್ಡ್ ಹೊಡೆದರೆ ಅಲ್ಲೇ ಮುರಿಯಲು ಗೆರೆ ಹಾಕಿಕೊಟ್ಟ ಹಾಗೆ. ಟ್ಯಾಂಕು, ಕಾರ್ಬುರೇಟರ್ ಬಿಚ್ಚಿಡುವುದು, ಅರ್ಥ್ ಕ್ಲ್ಯಾಂಪನ್ನು ವೆಲ್ಡಿನ ಹತ್ತಿರವೇ ಹಾಕುವುದು, ಇವೆರಡು ಮರೆಯಬಾರದು. ಅರ್ಥನ್ನು ದೂರದ ಚಕ್ರಕ್ಕೋ ಎಂಜಿನ್ನಿಗೋ ಕಚ್ಚಿಸಿದರೆ ಕರೆಂಟು ಬೇರಿಂಗುಗಳ ಮೂಲಕ ಹರಿದು ಅವುಗಳನ್ನು ಸುಡುತ್ತದೆ.

ಆದರೆ ನನಗೆ ಬೇಡ ಅನಿಸಿದ್ದು ಬರೀ ಬಿರುಕಿನ ಭಯಕ್ಕಲ್ಲ. ಈ ಬೈಕ್ ನನಗಿಂತ ಮುಂಚೆ ಇನ್ಯಾರದೋ ಕೈಯಲ್ಲಿತ್ತು. ನನ್ನ ನಂತರವೂ ಇನ್ಯಾರದೋ ಕೈಗೆ ಹೋಗುತ್ತದೆ. ಅವರಿಗೆ ಇದನ್ನು ರೇಸಿಗೆ ಹೋದ ದಿನದ ಹಾಗೇ ಇಡಬೇಕು ಅನಿಸಬಹುದು. ನನ್ನ ಸ್ಟ್ಯಾಂಡನ್ನು ಅವರು ಎರಡು ಸ್ಪ್ಯಾನರಿನಲ್ಲಿ ಬಿಚ್ಚುವ ಹಾಗಿರಬೇಕು, ಬಿಚ್ಚಿದ ಮೇಲೆ ಅಲ್ಲಿ ಒಂದು ಗೀರೂ ಕಾಣಬಾರದು. ಇದೊಂದು ಷರತ್ತು ನಾನೇ ಹಾಕಿಕೊಂಡೆ. ಕೆಲಸ ಕಷ್ಟವಾಗಿದ್ದು ಇದರಿಂದಲೇ, ಆದರೆ ಒಮ್ಮೆಯೂ ಬಿಟ್ಟುಕೊಡಬೇಕು ಅನಿಸಲಿಲ್ಲ.

ಹಾಗಾಗಿ ಮೊದಲು ಕ್ಲ್ಯಾಂಪ್ ಮಾಡಿದೆ. ಪೇಂಟು ಹೋಗಬಾರದು ಅಂತ ಕ್ಲ್ಯಾಂಪಿಗೂ ಪೈಪಿಗೂ ಮಧ್ಯೆ ಟ್ಯೂಬಿನ ರಬ್ಬರ್ ಇಟ್ಟೆ. ಅದೇ ತಪ್ಪಾಯಿತು. ದುಂಡು ಪೈಪಿನ ಮೇಲೆ ದುಂಡು ಕ್ಲ್ಯಾಂಪ್, ನಡುವೆ ರಬ್ಬರ್. ಕೆಸರು ನೀರು ಒಳಗೆ ಹೋದ ಮೇಲೆ ಅದು ತಿರುಗದೆ ಇನ್ನೇನು ಮಾಡೀತು? ಬಿಗಿ ಮಾಡಿದಷ್ಟೂ ರಬ್ಬರ್ ಅಮುಕುತ್ತದೆ, ನಾಲ್ಕು ದಿನ ಬಿಟ್ಟು ನೋಡಿದರೆ ಬೋಲ್ಟು ಮತ್ತೆ ಸಡಿಲ. ರಬ್ಬರ್ ತೆಗೆದು ಇನ್ನೂ ಬಿಗಿ ಮಾಡೋಣವೆಂದರೆ ತೆಳು ಪೈಪು ಚಪ್ಪಟೆಯಾಗುವ ಭಯ. ದಪ್ಪ ಪೈಪಿನ ಫ್ರೇಮಿಗೆ ಕ್ಲ್ಯಾಂಪ್ ಸರಿಯಾದೀತು. ನನ್ನದಕ್ಕೆ ಆಗಲಿಲ್ಲ.

ಒಂದು ದಿನ ಹಳ್ಳದ ಹತ್ತಿರ ಸ್ಟ್ಯಾಂಡ್ ಹಾಕಿ ಇಳಿದೆ. ನಾಲ್ಕು ಹೆಜ್ಜೆ ಹೋಗಿದ್ದೆ. ಹಿಂದೆ ಸದ್ದಾಯಿತು. ತಿರುಗಿ ನೋಡುವಷ್ಟರಲ್ಲಿ ಬೈಕ್ ಎಡಕ್ಕೆ ಮಲಗಿತ್ತು, ಕ್ಲಚ್ ಲಿವರ್ ಮುರಿದಿತ್ತು, ಟ್ಯಾಂಕಿನ ಎಡಭಾಗದಲ್ಲಿ ಹೆಬ್ಬೆರಳು ಹಿಡಿಸುವಷ್ಟು ತಗ್ಗು. ಅರ್ಧ ಶತಮಾನದ ಹತ್ತಿರ ಉಳಿದು ಬಂದ ಟ್ಯಾಂಕು. ನಾನು ಅಲ್ಲೇ ಕೂತು ಆ ತಗ್ಗಿನ ಮೇಲೆ ಬೆರಳಾಡಿಸಿದ್ದು ನೆನಪಿದೆ. ಬಹಳ ಬೇಜಾರಾಗಿತ್ತು.

ಆವತ್ತು ಮನೆಗೆ ಬಂದು, ಸ್ಟ್ಯಾಂಡ್ ಅಂದರೆ ಏನು ಅಂತ ಮೊದಲಿನಿಂದ ಯೋಚಿಸಿದೆ. ಬಿದ್ದಿದ್ದು ಕ್ಲ್ಯಾಂಪ್ ತಿರುಗಿದ್ದರಿಂದ ಮಾತ್ರ ಅಲ್ಲ. ನಾನು ಕಾಲನ್ನು ನೇರ ಕೆಳಕ್ಕೆ ಇಳಿಯುವ ಹಾಗೆ ಮಾಡಿದ್ದೆ. ಯಾವುದಾದರೂ ಬೈಕಿನ ಸ್ಟ್ಯಾಂಡ್ ನೋಡಿ, ಅದು ನೇರ ಇರುವುದಿಲ್ಲ. ಕೆಳಗೆ ಬಿಟ್ಟಾಗ ಅದರ ಪಾದ ಮೇಲಿನ ಕೀಲಿಗಿಂತ ಮುಂದೆ ಇರುತ್ತದೆ. ಬೈಕಿನ ಭಾರ ಬಿದ್ದಾಗ ಕಾಲು ಇನ್ನೂ ಮುಂದಕ್ಕೆ ಹೋಗಲು ನೋಡುತ್ತದೆ, ಅಲ್ಲಿ ಒಂದು ತಡೆ ಇರುತ್ತದೆ, ಆ ತಡೆಗೆ ಒತ್ತಿ ಕೂರುತ್ತದೆ. ಭಾರವೇ ಅದನ್ನು ಬಿಗಿಯಾಗಿ ಹಿಡಿಯುತ್ತದೆ. ಗಾಡಿ ಮುಂದಕ್ಕೆ ಉರುಳಿದರೆ ಮಾತ್ರ ಕಾಲು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಅದಕ್ಕೇ ಇಳಿಜಾರಿನಲ್ಲಿ ಮೂತಿ ಮೇಲ್ಮುಖವಾಗಿ ನಿಲ್ಲಿಸಬೇಕು, ಗೇರಿನಲ್ಲಿ ಬಿಡಬೇಕು. ಇಷ್ಟು ವರ್ಷ ಎಷ್ಟು ಗಾಡಿಗಳಿಗೆ ಸ್ಟ್ಯಾಂಡ್ ಹಾಕಿದ್ದೇನೆ, ಒಂದು ಸಲವೂ ಇದನ್ನು ಗಮನಿಸಿರಲಿಲ್ಲ.

ಎರಡನೇ ಸಲ ಕಬ್ಬಿಣ ಮುಟ್ಟುವ ಮೊದಲು ರಟ್ಟು ಹಿಡಿದೆ. ನನ್ನ ಬೈಕಿನ ಎಡ ಫುಟ್‌ರೆಸ್ಟ್ ಫ್ರೇಮಿಗೆ ಬೋಲ್ಟಿನಲ್ಲಿ ಕೂತಿದೆ. ಅದರಿಂದ ಸ್ವಲ್ಪ ಮುಂದೆ ಎಂಜಿನ್ನಿನ ಕೆಳಗಿನ ಬೋಲ್ಟ್ ಇದೆ. ಈ ಎರಡನ್ನೂ ಹಿಡಿಯುವ ಒಂದು ಪ್ಲೇಟು ಮಾಡಿದರೆ ಅದು ತಿರುಗುವ ಮಾತೇ ಇಲ್ಲ. ರಟ್ಟಿನಲ್ಲಿ ಕತ್ತರಿಸಿ ನೋಡಿದೆ, ಆಮೇಲೆ ಪ್ಲೈವುಡ್ಡಿನಲ್ಲಿ, ಅದೂ ಮೂರು ಸಲ, ಕೊನೆಗೆ ಎಂಟು ಮಿಲಿಮೀಟರ್ ಉಕ್ಕಿನ ಪ್ಲೇಟಿನಲ್ಲಿ. ಒಂದು ಮಾತು ನೆನಪಿಡಿ. ಪ್ಲೇಟು ಫ್ರೇಮಿನ ಹೊರಗಡೆ ಬರಬೇಕು, ಎಂಜಿನ್ನಿಗೂ ಫ್ರೇಮಿಗೂ ನಡುವೆ ತೂರಿಸಬಾರದು. ನಡುವೆ ಹಾಕಿದರೆ ಎಂಜಿನ್ ಸರಿಯುತ್ತದೆ, ಚೈನಿನ ಗೆರೆ ತಪ್ಪುತ್ತದೆ. ಹೊರಗೆ ಹಾಕಿ, ಬೋಲ್ಟು ಮೊದಲಿನದಕ್ಕಿಂತ ಎಂಟು ಮಿಲಿಮೀಟರ್ ಜಾಸ್ತಿ ಉದ್ದದ್ದು ಹಾಕಿದರೆ ಆಯಿತು. ಹಳೆಯ ಬೋಲ್ಟನ್ನು ಒಂದು ಡಬ್ಬಿಯಲ್ಲಿ ಹಾಕಿ, ಎಲ್ಲಿಯದು ಅಂತ ಚೀಟಿ ಬರೆದು ಇಟ್ಟಿದ್ದೇನೆ, ಮುಂದಿನವರಿಗೆ.

ಎಡಗಡೆ ಎಷ್ಟು ಜನಸಂದಣಿ ಇದೆ ಅಂತ ಗೊತ್ತಾಗಿದ್ದೂ ಆಗಲೇ. ಗೇರ್ ಲಿವರ್ ಮೇಲೆ ಕೆಳಗೆ ಆಡಬೇಕು, ಬೂಟಿನ ಹಿಮ್ಮಡಿಗೆ ಜಾಗ ಬೇಕು, ಚೈನು ಓಡುವಾಗ ಮೇಲೂ ಕೆಳಗೂ ಹೊಡೆದಾಡುತ್ತದೆ, ಸ್ವಿಂಗ್‌ಆರ್ಮ್ ಏರಿಳಿಯುತ್ತದೆ. ಇದೆಲ್ಲದರ ಮಧ್ಯೆ ಮಡಚಿದ ಕಾಲು ಮಲಗಬೇಕು. ನನ್ನ ಬೈಕಿನ ಕಿಕ್ಕರ್ ಬಲಗಡೆ ಇದೆ, ಅಷ್ಟು ಪುಣ್ಯ. ಹುಸ್ಕ್ವರ್ನಾ, ಮೈಕೋ ಥರದ ಯೂರೋಪಿನ ಹಳೆ ಬೈಕುಗಳಲ್ಲಿ ಕಿಕ್ಕರ್ ಎಡಗಡೆಯೇ, ಅವರ ಕಷ್ಟ ಇನ್ನೂ ಜಾಸ್ತಿ. ಗಾಡಿಯನ್ನು ಪಟ್ಟಿ ಬಿಗಿದು ಕೆಳಕ್ಕೆ ಎಳೆದು, ಹಿಂದಿನ ಶಾಕ್ ಪೂರ್ತಿ ಒಳಗೆ ಹೋಗುವ ಹಾಗೆ ಮಾಡಿ ನೋಡಿದೆ. ಮಡಚಿದ ಕಾಲಿಗೂ ಸ್ವಿಂಗ್‌ಆರ್ಮಿಗೂ ಮಧ್ಯೆ ಒಂದು ಬೆರಳಿನಷ್ಟು ಜಾಗ ಉಳಿಯಿತು. ಸಾಕು.

ಆಮೇಲೆ ಉದ್ದ. ಇದೇ ಎಲ್ಲದಕ್ಕಿಂತ ಸೂಕ್ಷ್ಮ. ಕಾಲು ಉದ್ದವಾದರೆ ಬೈಕ್ ನೆಟ್ಟಗೆ ನಿಲ್ಲುತ್ತದೆ, ಬಲಕ್ಕೆ ಬೀಳುತ್ತದೆ. ಗಿಡ್ಡವಾದರೆ ಜಾಸ್ತಿ ವಾಲುತ್ತದೆ, ಭಾರವೆಲ್ಲ ಕಾಲಿನ ಮೇಲೆ ಬರುತ್ತದೆ, ಮೆತ್ತನೆ ನೆಲದಲ್ಲಿ ಇನ್ನಷ್ಟು ಇಳಿದು ಮಲಗಿಬಿಡುತ್ತದೆ. ನನ್ನ ಬೈಕಿನಲ್ಲಿ ಸ್ಟ್ಯಾಂಡಿನ ಪಾದ ಟೈರುಗಳ ಗೆರೆಯಿಂದ 33 ಸೆಂಟಿಮೀಟರ್ ದೂರ ಬರುತ್ತದೆ. ಲೆಕ್ಕ ಹಾಕಿದರೆ, ಉದ್ದದಲ್ಲಿ ಒಂದೇ ಒಂದು ಸೆಂಟಿಮೀಟರ್ ವ್ಯತ್ಯಾಸ ಆದರೂ ವಾಲುವುದು ಹತ್ತಿರಹತ್ತಿರ ಎರಡು ಡಿಗ್ರಿ ಬದಲಾಗುತ್ತದೆ. ಅಳೆಯುವಾಗ ಬೈಕ್ ಎರಡೂ ಚಕ್ರದ ಮೇಲೆ ತನ್ನ ಭಾರಕ್ಕೆ ತಾನೇ ಕೂತಿರಬೇಕು. ಜ್ಯಾಕಿನ ಮೇಲೆ ಎತ್ತಿಟ್ಟು ಅಳೆದರೆ ಶಾಕ್ ಪೂರ್ತಿ ಬಿಚ್ಚಿಕೊಂಡಿರುತ್ತದೆ, ಲೆಕ್ಕ ತಪ್ಪುತ್ತದೆ.

ಇಲ್ಲೇ ಬೈಕಿನ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. 1970ರ ದಶಕದ ಆರಂಭದ ಮೋಟೋಕ್ರಾಸ್ ಬೈಕುಗಳ ಹಿಂದಿನ ಚಕ್ರ 100 ಮಿಲಿಮೀಟರ್ ಆಸುಪಾಸು ಏರಿಳಿಯುತ್ತಿತ್ತು, ಅಷ್ಟೇ. 1973ರಲ್ಲಿ ಹೋಕನ್ ಆಂಡರ್ಸನ್ ಯಮಹಾದ ಮೋನೋಶಾಕ್ (ಹಿಂದೆ ಎರಡರ ಬದಲು ಒಂದೇ ಶಾಕ್ ಇರುವ) ಬೈಕಿನಲ್ಲಿ 250 ಸಿಸಿ ವಿಶ್ವ ಚಾಂಪಿಯನ್ ಆದ ಮೇಲೆ ಎಲ್ಲರೂ ಸಸ್ಪೆನ್ಷನ್ನಿನ ಹಿಂದೆ ಬಿದ್ದರು. 1980ರ ದಶಕದ ಶುರುವಿಗೆ ಅದು 300 ಮಿಲಿಮೀಟರಿನ ಹತ್ತಿರ ಬಂದಿತ್ತು. ಬೈಕು ಎತ್ತರವಾದಷ್ಟೂ ಸ್ಟ್ಯಾಂಡ್ ಉದ್ದವಾಗುತ್ತದೆ, ಉದ್ದವಾದಷ್ಟೂ ಕೀಲಿನ ಮೇಲೆ ಎಳೆತ ಜಾಸ್ತಿ. ಅಂಥ ಬೈಕಿಗೆ ಸ್ಟ್ಯಾಂಡ್ ಹಾಕಿಟ್ಟು ಮೇಲೆ ಹತ್ತಿ ಕೂತರೆ ಶಾಕ್ ಕುಸಿಯುತ್ತದೆ, ಕಾಲು ಮಾತ್ರ ಅಷ್ಟೇ ಉದ್ದ ಇರುತ್ತದೆ, ಗಾಡಿ ತಾನಾಗೇ ಬಲಕ್ಕೆ ಹೊರಳಲು ನೋಡುತ್ತದೆ. ನನ್ನದು ಮಧ್ಯದ ಕಾಲದ ಬೈಕ್. ಕುಸಿಯುತ್ತದೆ, ಆದರೆ ಅಷ್ಟೊಂದಲ್ಲ.

ಮರದ ಕೋಲೊಂದನ್ನು ಬೇಕಾದ ಉದ್ದಕ್ಕೆ ಕತ್ತರಿಸಿ ಊರಿ, ಪಾದ ಬರುವ ಜಾಗಕ್ಕೆ ಮನೆಯ ತೂಕದ ಯಂತ್ರ ಇಟ್ಟೆ. ಯಂತ್ರ ಎಷ್ಟು ಎತ್ತರವೋ ಅಷ್ಟೇ ದಪ್ಪದ ಹಲಗೆಗಳನ್ನು ಎರಡೂ ಚಕ್ರದ ಕೆಳಗೆ ಇಟ್ಟೆ, ಇಲ್ಲದಿದ್ದರೆ ವಾಲುವುದು ಸುಳ್ಳಾಗುತ್ತದೆ. ಬೈಕಿನ ತೂಕ 105 ಕೆಜಿ. ಹತ್ತು ಡಿಗ್ರಿ ವಾಲಿದಾಗ ಯಂತ್ರ 28 ತೋರಿಸಿತು. ಗಾಡಿಯ ತೂಕದ ನಾಲ್ಕನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಆಮೇಲೆ ಗೋಡೆ ಹಿಡಿದುಕೊಂಡು ನಿಧಾನಕ್ಕೆ ಸೀಟಿನ ಮೇಲೆ ಕೂತೆ. 60 ದಾಟಿತು, ಕೋಲು ಕಿರ್ರೆಂದಿತು. ಅವತ್ತಿನಿಂದ ನಾನು ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೆ ಕೂರುವುದಿಲ್ಲ. ಸ್ಟ್ಯಾಂಡ್ ಹಾಕಿಟ್ಟು ಕಿಕ್ ಹೊಡೆಯುವುದಂತೂ ಇಲ್ಲವೇ ಇಲ್ಲ. ಎಡಗಾಲನ್ನು ಫುಟ್‌ರೆಸ್ಟಿಗೆ ಊರಿ ಎದ್ದು ನಿಲ್ಲುವಾಗ ಮೈಭಾರವೆಲ್ಲ ಆ ಪ್ಲೇಟಿನ ಮೇಲೇ ಬರುತ್ತದೆ, ಎಡ ಕಿಕ್ಕರಿನ ಬೈಕಾದರೆ ಒಂದೊಂದು ಕಿಕ್ಕೂ ಸ್ಟ್ಯಾಂಡಿಗೆ ಸುತ್ತಿಗೆ ಏಟಿನ ಹಾಗೆ. ಹಳೆ ಬೈಕುಗಳಲ್ಲಿ ಸ್ಟ್ಯಾಂಡಿನ ಲಗ್ ಬಗ್ಗಿರುವುದು, ಕಿತ್ತುಬಂದಿರುವುದು ಕಂಡರೆ ಹತ್ತರಲ್ಲಿ ಒಂಬತ್ತು ಸಲ ಇದೇ ಕಾರಣ ಇರುತ್ತದೆ ಅಂತ ನನಗನಿಸುತ್ತದೆ.

ಕಾಲನ್ನು ಹೊಸದಾಗಿ ಮಾಡಲಿಲ್ಲ. ಯಾವುದೋ ಗುಜರಿ ಬೈಕಿನ ಸ್ಟ್ಯಾಂಡ್ ನನ್ನ ಹತ್ತಿರ ಬಿದ್ದಿತ್ತು. ನಾಲ್ಕು ಸೆಂಟಿಮೀಟರ್ ಗಿಡ್ಡ. ಅದನ್ನು ನಡುವೆ ಕತ್ತರಿಸಿ, ಪೈಪಿನ ಒಳಗೆ ಬಿಗಿಯಾಗಿ ಕೂರುವ ಗಟ್ಟಿ ಸರಳಿನ ತುಂಡು ತೂರಿಸಿ, ಅಂಚುಗಳನ್ನು ಓರೆಯಾಗಿ ಉಜ್ಜಿ, ವೆಲ್ಡ್ ಮಾಡಿಸಿದೆ. ಇಲ್ಲಿ ವೆಲ್ಡ್ ಮಾಡಿಸಲು ನನಗೆ ಏನೂ ತಕರಾರಿಲ್ಲ, ಅದು ಫ್ರೇಮ್ ಅಲ್ಲವಲ್ಲ. ಒಳಗೆ ಸರಳು ಹಾಕದೆ ಬರೀ ಎರಡು ಪೈಪಿನ ಬಾಯಿ ಸೇರಿಸಿ ವೆಲ್ಡ್ ಹೊಡೆದರೆ ಒಂದು ದಿನ ಅಲ್ಲೇ ಮಡಚಿಕೊಳ್ಳುತ್ತದೆ.

ಪಾದದ ಬಗ್ಗೆ ಸ್ವಲ್ಪ ಹೇಳಬೇಕು. ಆ ಗುಜರಿ ಸ್ಟ್ಯಾಂಡಿನ ತುದಿ ಎರಡು ಸೆಂಟಿಮೀಟರ್ ಅಗಲದ ದುಂಡು ಪೈಪು. ಅದರ ಮೇಲೆ 28 ಕೆಜಿ ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂಬತ್ತು ಕೆಜಿ. ಮಳೆ ಬಂದ ಮಣ್ಣಿನಲ್ಲಿ ಅದು ನಿಲ್ಲುವುದಿಲ್ಲ, ಮೊಳೆ ಇಳಿದ ಹಾಗೆ ಇಳಿಯುತ್ತದೆ. ಐದು ಸೆಂಟಿಮೀಟರಿಗೆ ಏಳು ಸೆಂಟಿಮೀಟರಿನ ಪಟ್ಟಿಯೊಂದನ್ನು ತುದಿಗೆ ಕೂರಿಸಿದೆ, ಅಂಚುಗಳನ್ನು ಸ್ವಲ್ಪ ಮೇಲಕ್ಕೆ ಬಗ್ಗಿಸಿ. ಈಗ ಅದೇ ಭಾರ ಒಂದು ಚದರ ಸೆಂಟಿಮೀಟರಿಗೆ ಒಂದು ಕೆಜಿಗಿಂತ ಕಡಿಮೆ. ಇನ್ನೂ ದೊಡ್ಡದು ಮಾಡಬಹುದಿತ್ತು, ಆದರೆ ಮಡಚಿದಾಗ ಕಲ್ಲಿಗೆ, ಬೇರಿಗೆ ಸಿಕ್ಕಿಕೊಳ್ಳುತ್ತದೆ.

ಇನ್ನು ಸ್ಪ್ರಿಂಗು. ನನಗೆ ಈ ಇಡೀ ಕೆಲಸದಲ್ಲಿ ಅತಿ ಇಷ್ಟವಾದ ಭಾಗ. ಸ್ಪ್ರಿಂಗಿನ ಒಂದು ಕೊಕ್ಕೆ ಪ್ಲೇಟಿನಲ್ಲಿ, ಇನ್ನೊಂದು ಕಾಲಿನಲ್ಲಿ. ಕಾಲು ಮೇಲಿದ್ದಾಗ ಸ್ಪ್ರಿಂಗಿನ ಗೆರೆ ಕೀಲಿನ ಒಂದು ಪಕ್ಕಕ್ಕೆ ಇರುತ್ತದೆ, ಕೆಳಗಿಳಿದಾಗ ಇನ್ನೊಂದು ಪಕ್ಕಕ್ಕೆ ದಾಟುತ್ತದೆ. ನಡುವೆ ಎಲ್ಲೋ ಒಂದು ಕಡೆ ಅದು ಅತಿ ಉದ್ದ ಹಿಗ್ಗಿರುತ್ತದೆ, ಅದನ್ನು ದಾಟಿದ ಕ್ಷಣ ಟಪ್ಪಂತ ಆಚೆಗೆ ಎಳೆದುಕೊಳ್ಳುತ್ತದೆ. ಒಂದೇ ಸ್ಪ್ರಿಂಗು, ಮೇಲೂ ಹಿಡಿಯುತ್ತದೆ, ಕೆಳಗೂ ಹಿಡಿಯುತ್ತದೆ. ಕೊಕ್ಕೆಯ ಜಾಗ ಐದು ಮಿಲಿಮೀಟರ್ ತಪ್ಪಿದರೆ ಆ ಟಪ್ ಸಿಗುವುದಿಲ್ಲ. ಪ್ಲೇಟಿನಲ್ಲಿ ಮೂರು ತೂತು ಕೊರೆದು ನೋಡಿದೆ. ಮೂರನೆಯದರಲ್ಲಿ ಸಿಕ್ಕಿತು.

ಆ ಸ್ಪ್ರಿಂಗನ್ನು ಕೊಕ್ಕೆಗೆ ಹಾಕುವುದು ಕೈಬಲದಿಂದ ಆಗುವ ಕೆಲಸವಲ್ಲ. ಇಕ್ಕಳದಲ್ಲಿ ಎಳೆದು ಜಾರಿದರೆ ಗೆಣ್ಣು ಒಡೆಯುತ್ತದೆ, ಕಣ್ಣಿಗೂ ಬಡಿಯಬಹುದು. ನನ್ನ ಗೆಳೆಯ ಫೋನಿನಲ್ಲಿ ಉಪಾಯ ಹೇಳಿದ. "ಸ್ಪ್ರಿಂಗನ್ನ ವೈಸಿಗೆ ಕಚ್ಚಿಸಿ ಬಗ್ಗಿಸು ಕಣೋ, ಬಾಯಿ ಬಿಟ್ಟ ಸುತ್ತುಗಳ ಮಧ್ಯೆ ಒಂದೊಂದು ವಾಷರ್ ತೂರಿಸು. ಆಮೇಲೆ ಆ ಕಡೆ ಬಗ್ಗಿಸಿ ಅಲ್ಲೂ ತೂರಿಸು." ಹಾಗೇ ಮಾಡಿದೆ. ಒಂದೊಂದೇ ವಾಷರ್ ಹೋಗುತ್ತಾ ಹೋಗುತ್ತಾ ಸ್ಪ್ರಿಂಗು ತಾನಾಗೇ ಉದ್ದವಾಗಿ ನಿಂತಿತು. ಹದಿನೆಂಟು ವಾಷರ್. ಎರಡೂ ಕೊಕ್ಕೆಗೆ ಆರಾಮಾಗಿ ಸಿಕ್ಕಿಸಿ, ಸ್ಟ್ಯಾಂಡನ್ನು ಕೆಳಗೆ ಎಳೆದಾಗ ಸ್ಪ್ರಿಂಗು ಇನ್ನಷ್ಟು ಹಿಗ್ಗಿ ವಾಷರುಗಳು ಒಂದೊಂದಾಗಿ ಟಣ್ ಟಣ್ ಅಂತ ನೆಲಕ್ಕೆ ಉದುರಿದವು. ಆ ಸದ್ದನ್ನು ಅವನಿಗೆ ಫೋನಿನಲ್ಲೇ ಕೇಳಿಸಿದೆ.

ಒಂದು ಸ್ಪ್ರಿಂಗಿನ ಒಳಗೆ ಇನ್ನೊಂದು ಸಣ್ಣ ಸ್ಪ್ರಿಂಗು ಹಾಕಿದ್ದೇನೆ. ಒಂದು ತುಂಡಾದರೂ ಇನ್ನೊಂದು ಕಾಲನ್ನು ಮೇಲೆ ಹಿಡಿದಿರಲಿ ಅಂತ. ಅದೂ ಸಾಲದು ಅಂತ, ಗುಂಡಿ ದಿಣ್ಣೆ ಜಾಸ್ತಿ ಇರುವ ದಾರಿಗೆ ಹೋಗುವಾಗ ಹಳೆ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬ್ಯಾಂಡ್ ಒಂದನ್ನು ಸುತ್ತುತ್ತೇನೆ. ಹೊಸ ರಸ್ತೆ ಬೈಕುಗಳಲ್ಲಿ ಸ್ಟ್ಯಾಂಡ್ ಕೆಳಗಿದ್ದರೆ ಎಂಜಿನ್ ಆಫ್ ಮಾಡುವ ಸ್ವಿಚ್ ಇರುತ್ತದೆ. ಇದರಲ್ಲಿ ಅಂಥದ್ದೇನೂ ಇಲ್ಲ, ಹಾಗಾಗಿ ಹೊರಡುವಾಗ ಎಡಗಾಲಿನಿಂದ ಒಮ್ಮೆ ತಡವಿ ನೋಡುವ ಅಭ್ಯಾಸ ಮಾಡಿಕೊಂಡಿದ್ದೇನೆ. ಪ್ರತೀ ಸಲ, ತಪ್ಪದೆ.

ಈ ಸ್ಟ್ಯಾಂಡ್ ಹಾಕಿದ ಮೇಲೆ ಮೊದಲ ಸಲ ಒಬ್ಬನೇ ಹೋಗಿ ಅದೇ ಹಳ್ಳದ ಹತ್ತಿರ ನಿಲ್ಲಿಸಿದೆ. ಸ್ಟ್ಯಾಂಡ್ ಇಳಿಸಿದೆ, ಟಪ್ ಅಂದಿತು. ಗೇರಿಗೆ ಹಾಕಿದೆ, ಕ್ಲಚ್ ಬಿಟ್ಟೆ, ಗಾಡಿ ಎಡಕ್ಕೆ ವಾಲಿ ಕೂತಿತು. ಕೈಯನ್ನು ಹ್ಯಾಂಡಲಿನಿಂದ ಒಂದು ಇಂಚು ಮೇಲೆ ಹಾಗೇ ಸ್ವಲ್ಪ ಹೊತ್ತು ಹಿಡಿದಿದ್ದೆ. ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದೆ. ನಿಂತಿತ್ತು. ನೀರಿನ ತನಕ ಹೋಗಿ ಮುಖ ತೊಳೆದು ಬಂದೆ. ನಿಂತಿತ್ತು. ಇಷ್ಟು ವರ್ಷದಲ್ಲಿ ಈ ಬೈಕನ್ನು ದೂರದಿಂದ, ಪೂರ್ತಿಯಾಗಿ, ಏನಕ್ಕೂ ಒರಗಿಸದೆ ನೋಡಿದ್ದು ಅದೇ ಮೊದಲು. ಹತ್ತಿರ ಹೋಗಲು ಮನಸ್ಸಾಗದೆ ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಬಹಳ ಹೊತ್ತು ನೋಡಿದೆ. ಟ್ಯಾಂಕಿನ ತಗ್ಗು ಬಿಸಿಲಿಗೆ ಮಿನುಗುತ್ತಿತ್ತು. ಅದನ್ನು ಸರಿಮಾಡಿಸಿಲ್ಲ.

ಕಳೆದ ತಿಂಗಳು ಗೆಳೆಯ ಮನೆಗೆ ಬಂದಿದ್ದ. ಮಂಡಿಗೆ ಪಟ್ಟಿ ಸುತ್ತಿಕೊಂಡೇ ಬಂದಿದ್ದ. ಒಂದು ಸುತ್ತು ಹೋಗಿ ಬಂದು ಅವನ ಮುಂದೆ ಗಾಡಿ ನಿಲ್ಲಿಸಿ ಇಳಿದೆ. ಅವನ ಕೈ ತಾನಾಗೇ ಬಂದು ಹ್ಯಾಂಡಲ್ ಹಿಡಿಯಿತು. "ಸ್ಟ್ಯಾಂಡ್ ಹಾಕಿದೀನಿ ಬಿಡೋ" ಅಂದೆ. "ಗೊತ್ತು" ಅಂದ, ಕೈ ಮಾತ್ರ ತೆಗೆಯಲಿಲ್ಲ. ಆಮೇಲೆ ಕಷ್ಟಪಟ್ಟು ಕೆಳಗೆ ಕೂತು, ನನ್ನ ಕೈಲಿ ಗಾಡಿ ಸ್ವಲ್ಪ ಎತ್ತಿಸಿ, ಸ್ಟ್ಯಾಂಡಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಆಚೆ ಈಚೆ ಅಲ್ಲಾಡಿಸಿದ. ತುದಿ ಒಂದು ಸೆಂಟಿಮೀಟರಿನ ಹತ್ತಿರ ಆಡಿತು. ಕೀಲಿನಲ್ಲಿ ಅರ್ಧ ಮಿಲಿಮೀಟರ್ ಸವೆದರೆ ಸಾಕು, ಇಷ್ಟು ಉದ್ದದ ಕಾಲಿನ ತುದಿಯಲ್ಲಿ ಅದು ಅಷ್ಟಾಗುತ್ತದೆ.

"ಬುಷ್ ಸವೆದಿದೆ ಕಣೋ. ಈಗಲೇ ಬದಲಾಯಿಸಿದ್ರೆ ಒಳ್ಳೇದು, ಆಮೇಲೆ ತಡೆ ಸವೆಯೋಕೆ ಶುರುವಾಗತ್ತೆ" ಅಂದ.

ನಾನು ಸ್ಪ್ಯಾನರ್ ತರಲು ಒಳಗೆ ಹೋದೆ. ಅವನು ಗಾಡಿ ಹಿಡಿದುಕೊಂಡು ನಿಂತಿದ್ದ.